ದಮ್ಮಿನ ಕಾಯಿಲೆಯವರ ತಟ್ಟೆಗೆ ಏನು ಸೇರಿಸಬೇಕು: ಮೊಟ್ಟೆ, ಹಾಲು, ಕಾಳು ಮತ್ತು ಡಬ್ಬಿಯ ಪುಡಿಗಳ ಹೋಲಿಕೆ

ಬಾಗಲಕೋಟೆಯಲ್ಲಿ ಆಹಾರ ಸಲಹೆಯ ಕೆಲಸ ಮಾಡುವ ನನ್ನ ಬಳಿಗೆ ಒಂದೇ ಪ್ರಶ್ನೆ ಬೇರೆ ಬೇರೆ ಮನೆಗಳಿಂದ ಬರುತ್ತಲೇ ಇರುತ್ತದೆ. ಅಪ್ಪನಿಗೋ ಅವ್ವನಿಗೋ ವರ್ಷಗಳಿಂದ ದಮ್ಮಿನ ಕಾಯಿಲೆ ಇದೆ. ಪಂಪು, ಗುಳಿಗೆ ಎಲ್ಲವೂ ನಡೆದಿವೆ. ಆದರೂ ತೋಳು ತೊಡೆಗಳು ಕರಗುತ್ತಿವೆ, ಧೋತರ ಸೊಂಟದಲ್ಲಿ ನಿಲ್ಲುತ್ತಿಲ್ಲ, ಕಟ್ಟೆಯಿಂದ ಏಳಬೇಕಾದರೆ ಕೈ ಊರಬೇಕಾಗಿದೆ. ಔಷಧದ ಅಂಗಡಿಯವರು ಪುಡಿಯ ಡಬ್ಬಿ ತೋರಿಸುತ್ತಾರೆ, ಬೀಗರು ಕಾಲಿನ ಸೂಪು ಕುಡಿಸಿರಿ ಎನ್ನುತ್ತಾರೆ, ಮನೆಯ ಹಿರಿಯರು ಹಾಲು ಮೊಸರು ಕಫ ಮಾಡುತ್ತವೆಂದು ತಡೆಯುತ್ತಾರೆ, ಮೊಮ್ಮಗ ತಾನು ಜಿಮ್ಮಿಗೆ ಹೋಗುವಾಗ ಕುಡಿಯುವ ಪುಡಿಯನ್ನೇ ಅಜ್ಜನಿಗೂ ಕೊಡೋಣ ಎನ್ನುತ್ತಾನೆ. ಎಲ್ಲ ಮನೆಗೂ ಹೊಂದುವ ಒಂದೇ ಉತ್ತರ ಇದಕ್ಕಿಲ್ಲ. ಆದರೆ ಯಾವ ಅಳತೆಗಳನ್ನು ಮುಂದಿಟ್ಟುಕೊಂಡು ಆರಿಸಬೇಕು ಎಂಬುದನ್ನು ತಿಳಿದರೆ ಪ್ರತಿಯೊಬ್ಬರೂ ತಮ್ಮ ಮನೆಯ ಉತ್ತರವನ್ನು ತಾವೇ ಕಂಡುಕೊಳ್ಳಬಹುದು.

ಇಲ್ಲಿ ಹೇಳುವುದು ಮುಖ್ಯವಾಗಿ ಸಿಒಪಿಡಿ, ಅಂದರೆ ಶ್ವಾಸನಾಳಗಳು ಕಿರಿದಾಗಿ ಉಸಿರು ಸರಾಗವಾಗಿ ಹೊರಹೋಗದ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ, ಇರುವವರಿಗೆ ಸಂಬಂಧಿಸಿದ್ದು. ಬೀಡಿ ಸಿಗರೇಟಿನಿಂದ ಬಂದದ್ದಿರಲಿ, ತೊಗರಿಕಟ್ಟಿಗೆ, ಹತ್ತಿಕಟ್ಟಿಗೆ, ಕುಳ್ಳು ಉರಿಸಿದ ಒಲೆಯ ಮುಂದೆ ಹಲವು ದಶಕ ಕುಳಿತದ್ದರಿಂದ ಬಂದದ್ದಿರಲಿ, ಕಾಯಿಲೆ ದೇಹವನ್ನು ಸವೆಸುವ ರೀತಿ ಒಂದೇ. ಹಳೆಯ ಕ್ಷಯದಿಂದ ಶ್ವಾಸಕೋಶ ಹಾಳಾದವರಿಗೂ, ಕಲ್ಲಿನ ದೂಳು ಕುಡಿದವರಿಗೂ ಇದರ ಬಹುಪಾಲು ಅನ್ವಯಿಸುತ್ತದೆ.

ಸ್ನಾಯು ಏಕೆ ಕರಗುತ್ತದೆ

ಆರೋಗ್ಯವಂತರಿಗೆ ಉಸಿರಾಟ ಗಮನಕ್ಕೇ ಬಾರದ ಕೆಲಸ. ಸಿಒಪಿಡಿ ಇರುವವರಿಗೆ ಅದು ಹಗಲಿರುಳು ನಡೆಯುವ ದುಡಿಮೆ, ಆದ್ದರಿಂದ ಸುಮ್ಮನೆ ಕುಳಿತಾಗಲೂ ದೇಹ ಹೆಚ್ಚು ಶಕ್ತಿ ಖರ್ಚು ಮಾಡುತ್ತದೆ. ಖರ್ಚು ಹೆಚ್ಚಿದ ಹೊತ್ತಿನಲ್ಲೇ ಆದಾಯ ಇಳಿಯುತ್ತದೆ, ಏಕೆಂದರೆ ಅಗಿಯುವಾಗ ಉಸಿರಿನ ಲಯ ತಪ್ಪುತ್ತದೆ, ನುಂಗುವಾಗ ಉಸಿರು ತಡೆಯಬೇಕಾಗುತ್ತದೆ, ಹೊಟ್ಟೆ ತುಂಬಿದರೆ ಎದೆ ಹೊಟ್ಟೆಗಳ ನಡುವಿನ ವಪೆ ಕೆಳಗಿಳಿಯಲು ಜಾಗವಿಲ್ಲದೆ ದಮ್ಮು ಹತ್ತುತ್ತದೆ, ಹೀಗಾಗಿ ರೋಗಿ ಅರ್ಧ ರೊಟ್ಟಿಗೇ ತಟ್ಟೆ ಸರಿಸುತ್ತಾರೆ. ಇದರ ಮೇಲೆ ದೇಹದೊಳಗಿನ ಉರಿಯೂತ, ಕಾಯಿಲೆ ಉಲ್ಬಣಿಸಿದಾಗಲೆಲ್ಲ ಕೊಡುವ ಸ್ಟಿರಾಯ್ಡ್ ಗುಳಿಗೆಗಳು, ದಮ್ಮು ಹತ್ತೀತೆಂಬ ಭಯದಿಂದ ಓಡಾಟವನ್ನೇ ಬಿಡುವುದು, ಇವೆಲ್ಲ ಸೇರಿ ಸ್ನಾಯುವನ್ನು ಕರಗಿಸುತ್ತವೆ. ಅದರ ಹೊಡೆತ ಕೈಗಿಂತ ಕಾಲಿಗೆ, ಅದರಲ್ಲೂ ತೊಡೆಯ ಮುಂಭಾಗದ ಸ್ನಾಯುವಿಗೆ ಹೆಚ್ಚು. ಸೊರಗಿದ ಕಾಲು ಸ್ವಲ್ಪ ನಡೆದರೂ ಬೇಗ ದಣಿಯುತ್ತದೆ, ಆ ದಣಿವು ಮತ್ತೆ ದಮ್ಮನ್ನು ಹೆಚ್ಚಿಸುತ್ತದೆ.

ಇದು ನೋಟಕ್ಕೆ ಸಂಬಂಧಿಸಿದ ವಿಷಯವಲ್ಲ. ಸಿಒಪಿಡಿ ರೋಗಿಗಳ ಆಯುಷ್ಯದ ಅಪಾಯವನ್ನು ಅಂದಾಜು ಮಾಡಲು 2004ರಲ್ಲಿ ಪ್ರಕಟವಾದ ಬೋಡ್ ಸೂಚ್ಯಂಕ ಶ್ವಾಸಕೋಶದ ಊದುವ ಪರೀಕ್ಷೆ, ದಮ್ಮಿನ ಪ್ರಮಾಣ, ಆರು ನಿಮಿಷದ ನಡಿಗೆಗಳ ಜೊತೆಗೆ ತೂಕವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ದೇಹತೂಕ ಸೂಚ್ಯಂಕ (ಕಿಲೋ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದ ಸಂಖ್ಯೆ) 21 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅದು ಅಪಾಯದ ಅಂಕ. 160 ಸೆಂ.ಮೀ. ಎತ್ತರದವರಿಗೆ ಈ ಗಡಿ ಸುಮಾರು 54 ಕಿಲೋ. ನಮ್ಮ ಭಾಗದಲ್ಲಿ ನಾನು ನೋಡುವ ಎಷ್ಟೋ ಮಂದಿ 45 ಕಿಲೋದ ಆಸುಪಾಸಿನಲ್ಲಿರುತ್ತಾರೆ, ಮನೆಯವರು ಅದನ್ನು ವಯಸ್ಸಿನ ಸಹಜ ಇಳಿತವೆಂದು ತಿಳಿದಿರುತ್ತಾರೆ.

ನನ್ನ ಅವ್ವನ ವಿಷಯದಲ್ಲೂ ಹಾಗೆಯೇ ಆಯಿತು. ಹುನಗುಂದ ತಾಲ್ಲೂಕಿನ ನಮ್ಮ ಊರಿನಲ್ಲಿ ನಲವತ್ತು ವರ್ಷ ಒಲೆ ಉರಿಸಿದವಳು ಒಂದು ಚಳಿಗಾಲದಲ್ಲಿ ಒಂಬತ್ತು ದಿನ ಆಸ್ಪತ್ರೆಯಲ್ಲಿ ಮಲಗಿ ಮನೆಗೆ ಬಂದಳು. ಅಲ್ಲಿ ಒಳಸೇರಿಸುವಾಗ ಆಗಲಿ ಬಿಡುಗಡೆ ಮಾಡುವಾಗ ಆಗಲಿ ಯಾರೂ ಅವಳ ತೂಕ ನೋಡಿರಲಿಲ್ಲ, ಮನೆಯಲ್ಲಿ ನಾವೂ ನೋಡಲಿಲ್ಲ. ಎರಡು ತಿಂಗಳ ಮೇಲೆ ತಕ್ಕಡಿಯ ಮೇಲೆ ನಿಲ್ಲಿಸಿದಾಗ ಆರು ಕಿಲೋ ಹೋಗಿತ್ತು. ಆ ಆರು ಕಿಲೋವನ್ನು ಮರಳಿ ತರುವುದು ಎಷ್ಟು ಕಷ್ಟ ಎಂಬುದನ್ನು ನಾನು ಪುಸ್ತಕದಿಂದಲ್ಲ, ಅವಳ ತಟ್ಟೆಯ ಮುಂದೆ ಕುಳಿತು ಕಲಿತೆ.

ಯಾವ ಅಳತೆಯಿಂದ ತೂಗಬೇಕು

ಮೊದಲ ಅಳತೆ ಕೊರತೆಯ ಪ್ರಮಾಣ. ಆರೋಗ್ಯವಂತ ವಯಸ್ಕರಿಗೆ ನಮ್ಮ ದೇಶದ ಶಿಫಾರಸು ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್. ದೀರ್ಘಕಾಲದ ಕಾಯಿಲೆಯಿರುವ ಹಿರಿಯರಿಗೆ 1.2ರಿಂದ 1.5 ಗ್ರಾಂ ಬೇಕೆಂಬುದು ಈಗಿನ ಸಾಮಾನ್ಯ ಸಲಹೆ. 50 ಕಿಲೋ ತೂಗುವವರಿಗೆ ಇದು 60ರಿಂದ 75 ಗ್ರಾಂ. ಈಗ ಒಬ್ಬ ಹಿರಿಯರ ಒಂದು ದಿನದ ಊಟವನ್ನು ಲೆಕ್ಕ ಹಾಕೋಣ: ಬೆಳಿಗ್ಗೆ ಒಂದು ಬಟ್ಟಲು ಸುಸಲಾ ಅಥವಾ ಉಪ್ಪಿಟ್ಟಿನಿಂದ 4 ಗ್ರಾಂ, ಮಧ್ಯಾಹ್ನ ಎರಡು ಜೋಳದ ರೊಟ್ಟಿಯಿಂದ 11 ಗ್ರಾಂ, ಅದರ ಜೊತೆಯ ಪಲ್ಯ ಮತ್ತು ತೆಳು ಬೇಳೆಯಿಂದ 5 ಗ್ರಾಂ, ರಾತ್ರಿಯ ಅನ್ನ ಸಾರಿನಿಂದ 7 ಗ್ರಾಂ, ಮೂರು ಕಪ್ ಚಹಾದ ಹಾಲು ಮತ್ತು ಒಂದಿಷ್ಟು ಮಜ್ಜಿಗೆಯಿಂದ 6 ಗ್ರಾಂ. ಒಟ್ಟು 33. ಅಂದರೆ 60 ಗ್ರಾಂನ ಕೆಳಗಿನ ಗಡಿ ಮುಟ್ಟಲಾದರೂ ದಿನಕ್ಕೆ 25ರಿಂದ 30 ಗ್ರಾಂ ಪ್ರೋಟೀನನ್ನು ಎಲ್ಲಿಂದ ತುಂಬಬೇಕು ಎಂಬುದೇ ನಮ್ಮ ಮುಂದಿರುವ ನಿಜವಾದ ಪ್ರಶ್ನೆ. ಡಬ್ಬಿ ಕೊಳ್ಳುವ ಮೊದಲು ನಿಮ್ಮ ಮನೆಯವರ ಒಂದು ದಿನದ ಊಟವನ್ನು ಹೀಗೆ ಬರೆದು ಕೂಡಿಸಿ ನೋಡಬೇಕು.

ಎರಡನೆಯ ಅಳತೆ ಉಸಿರಿನ ಬೆಲೆ, ಮತ್ತು ನನ್ನ ಅನುಭವದಲ್ಲಿ ಇದೇ ಎಲ್ಲಕ್ಕಿಂತ ಮುಖ್ಯ. ಒಂದು ಆಹಾರದಲ್ಲಿ ಎಷ್ಟೇ ಪ್ರೋಟೀನ್ ಇದ್ದರೂ ಅದನ್ನು ಅಗಿಯಲು ಹತ್ತು ನಿಮಿಷ ಬೇಕಾದರೆ, ಅಥವಾ ಅದು ಹೊಟ್ಟೆಯಲ್ಲಿ ಗಾಳಿ ತುಂಬಿದರೆ, ರೋಗಿ ಅದನ್ನು ಮೂರನೆಯ ದಿನ ಬಿಡುತ್ತಾರೆ. ಮೆತ್ತಗಿರಬೇಕು, ಗಾತ್ರ ಕಡಿಮೆಯಿರಬೇಕು, ಉಬ್ಬರ ತರಬಾರದು.

ಮೂರನೆಯದು ಗುಣಮಟ್ಟ. ಸ್ನಾಯು ಕಟ್ಟುವ ಕೆಲಸವನ್ನು ಎಬ್ಬಿಸುವ ಲ್ಯೂಸಿನ್ ಎಂಬ ಅಮೈನೊ ಆಮ್ಲ (ಪ್ರೋಟೀನನ್ನು ಕಟ್ಟುವ ಇಟ್ಟಿಗೆಗಳಲ್ಲಿ ಒಂದು) ಹಾಲು, ಮೊಟ್ಟೆ, ಮಾಂಸ, ಸೋಯಾಗಳಲ್ಲಿ ಚೆನ್ನಾಗಿದೆ. ಲೈಸಿನ್ ಎಂಬ ಇನ್ನೊಂದು ಅಮೈನೊ ಆಮ್ಲ ಜೋಳದಲ್ಲಿ ಕಡಿಮೆ, ಬೇಳೆಕಾಳುಗಳಲ್ಲಿ ಅದು ಹೆಚ್ಚು. ರೊಟ್ಟಿಯ ಜೊತೆ ಕಾಳಿನ ಪಲ್ಯ ಇರಲೇಬೇಕೆಂದ ನಮ್ಮ ಹಿರಿಯರ ಪದ್ಧತಿಗೆ ಇದಕ್ಕಿಂತ ಗಟ್ಟಿಯಾದ ಸಮರ್ಥನೆ ಬೇಡ. ವಯಸ್ಸಾದವರಲ್ಲಿ ಒಂದು ಹೊತ್ತಿಗೆ 25 ಗ್ರಾಂನಷ್ಟು ಪ್ರೋಟೀನ್ ಸಿಕ್ಕಾಗ ಸ್ನಾಯು ಚೆನ್ನಾಗಿ ಸ್ಪಂದಿಸುತ್ತದೆ, ಆದ್ದರಿಂದ ಎಲ್ಲವನ್ನೂ ರಾತ್ರಿಗೆ ಇಡುವುದಕ್ಕಿಂತ ಬೆಳಗಿನ ಬಡ ಉಪಾಹಾರವನ್ನು ಮೊದಲು ಸರಿಪಡಿಸುವುದು ಲೇಸು.

ಉಳಿದ ಎರಡು ಅಳತೆಗಳು 10 ಗ್ರಾಂ ಪ್ರೋಟೀನಿಗೆ ತಗಲುವ ಹಣ, ಮತ್ತು ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆಯಂತಹ ಜೊತೆಯ ಕಾಯಿಲೆಗಳು. ಮೂತ್ರಪಿಂಡ ಕುಗ್ಗಿದವರು ಪ್ರೋಟೀನ್ ಹೆಚ್ಚಿಸುವ ಮೊದಲು ವೈದ್ಯರನ್ನು ಕೇಳಲೇಬೇಕು. ಮೂತ್ರಪಿಂಡದ ಕೆಲಸವನ್ನು ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆಗೆ ಹೆಚ್ಚು ಹಣ ಬೇಕಾಗುವುದಿಲ್ಲ.

ಮೊಟ್ಟೆ, ಕೋಳಿ, ಮೀನು

ತಿನ್ನುವ ಮನೆಯಾದರೆ ನನ್ನ ಮೊದಲ ಆಯ್ಕೆ ಮೊಟ್ಟೆ. ಒಂದರಲ್ಲಿ ಸುಮಾರು 6 ಗ್ರಾಂ ಉತ್ತಮ ಗುಣಮಟ್ಟದ ಪ್ರೋಟೀನ್ ಇದೆ, ಮೆತ್ತಗಿದೆ, ಗಾತ್ರ ಚಿಕ್ಕದು, ಉಬ್ಬರ ಇಲ್ಲ, ಬೇಯಿಸಲು ಹತ್ತು ನಿಮಿಷ ಸಾಕು. ಮೊಟ್ಟೆಗೆ 7 ರೂಪಾಯಿ ಎಂದು ಹಿಡಿದರೆ 10 ಗ್ರಾಂ ಪ್ರೋಟೀನಿಗೆ 12 ರೂಪಾಯಿ ಆಗುತ್ತದೆ. ಬೇಯಿಸಿದ ಮೊಟ್ಟೆಯ ಹಳದಿ ಭಾಗ ಗಂಟಲಿಗೆ ಒಣಗಿ ಹಿಡಿಯುತ್ತದೆ ಎನ್ನುವವರಿಗೆ ಹಾಲು ಸೇರಿಸಿ ಕಲಸಿದ ಬುರ್ಜಿ ಸುಲಭ. ವಿಜಯಪುರದ ಬೇಸಿಗೆಯಲ್ಲಿ ಮೊಟ್ಟೆ ಉಷ್ಣವೆಂದು ನಾಲ್ಕು ತಿಂಗಳು ಪೂರ್ತಿ ನಿಲ್ಲಿಸುವ ಮನೆಗಳಿವೆ. ಹಾಗೆ ನಿಲ್ಲಿಸುವುದೇ ಆದರೆ ಅದರ ಜಾಗಕ್ಕೆ ಮೊಸರೋ ಪನೀರೋ ಅಂದಿನಿಂದಲೇ ಬರಬೇಕು, ಆ ಜಾಗ ಖಾಲಿ ಉಳಿಯಬಾರದು.

ಕೋಳಿಯ ಮಾಂಸ 100 ಗ್ರಾಂಗೆ ಸುಮಾರು 22 ಗ್ರಾಂ, ಮೀನು 18ರಿಂದ 20 ಗ್ರಾಂ ಪ್ರೋಟೀನ್ ಕೊಡುತ್ತದೆ. ಹಲ್ಲಿಲ್ಲದವರಿಗೆ ಕೋಳಿಯನ್ನು ಖೀಮಾ ಮಾಡಿಸಬೇಕು. ಹೊಳೆಯ ಮೀನು ಕೋಳಿಗಿಂತ ಮೆತ್ತಗೆ, ಆದರೆ ಮುಳ್ಳಿನ ವಿಷಯದಲ್ಲಿ ಎಚ್ಚರ ಬೇಕು, ಏಕೆಂದರೆ ದಮ್ಮಿನ ನಡುವೆ ಗಂಟಲಿಗೆ ಮುಳ್ಳು ಸಿಕ್ಕರೆ ಕೆಮ್ಮಿ ತೆಗೆಯುವ ಬಲವೂ ಅವರಲ್ಲಿರುವುದಿಲ್ಲ.

ಕಾಲಿನ ಸೂಪಿನ ವಿಷಯವನ್ನು ಬಿಡಿಸಿ ಹೇಳಬೇಕು. ಆಡಿನ ಕಾಲನ್ನು ತಾಸುಗಟ್ಟಲೆ ಕುದಿಸಿದಾಗ ನೀರಿಗೆ ಬರುವುದು ಬಹುಪಾಲು ಜೆಲಾಟಿನ್. ಅದರಲ್ಲಿ ಟ್ರಿಪ್ಟೊಫಾನ್ ಎಂಬ ಅವಶ್ಯಕ ಅಮೈನೊ ಆಮ್ಲ ಇಲ್ಲವೇ ಇಲ್ಲ, ಲ್ಯೂಸಿನ್ ಕೂಡ ಕಡಿಮೆ. ಬಿಸಿ ಸೂಪು ಗಂಟಲಿಗೆ ಹಿತ, ಬಾಯಿಗೆ ರುಚಿ, ಹಸಿವನ್ನು ಕೆರಳಿಸುತ್ತದೆ. ಆದರೆ ಊಟದ ಮೊದಲು ಎರಡು ಬಟ್ಟಲು ಸೂಪು ಕುಡಿಸಿ ಹೊಟ್ಟೆ ತುಂಬಿಸಿದರೆ ಅದು ಸ್ನಾಯುವಿಗೆ ಸಿಗಬೇಕಾದ ಊಟವನ್ನೇ ಕಸಿದುಕೊಳ್ಳುತ್ತದೆ. ಸಸ್ಯಾಹಾರಿ ಮನೆಗಳಲ್ಲಿ ಇದೇ ತಪ್ಪು ಕಟ್ಟಿನ ಸಾರಿನ ರೂಪದಲ್ಲಿ ನಡೆಯುತ್ತದೆ: ಬೇಳೆ ಕುದಿಸಿ ಬಸಿದ ಕಟ್ಟು ಹಗುರವೆಂದು ಕಾಯಿಲೆಯವರಿಗೆ, ಬೇಳೆ ಹೂರಣವಾಗಿ ಉಳಿದವರಿಗೆ. ಪ್ರೋಟೀನಿನ ಹೆಚ್ಚಿನ ಪಾಲು ಬೇಳೆಯಲ್ಲೇ ಉಳಿದಿರುತ್ತದೆ. ನಾನೂ ನನ್ನ ಅವ್ವನಿಗೆ ಆ ಎರಡು ತಿಂಗಳು ಪ್ರೀತಿಯಿಂದ ಕಟ್ಟಿನ ಸಾರನ್ನೇ ಬಡಿಸಿದ್ದೆ.

ಹಾಲು, ಮೊಸರು, ಪನೀರ್

ಹಸುವಿನ ಹಾಲಿನ ಒಂದು ಲೋಟದಲ್ಲಿ, ಅಂದರೆ 200 ಮಿ.ಲೀ.ನಲ್ಲಿ, 6ರಿಂದ 7 ಗ್ರಾಂ ಪ್ರೋಟೀನ್ ಇದೆ. ಎಮ್ಮೆಯ ಹಾಲಿನಲ್ಲಿ ಸ್ವಲ್ಪ ಹೆಚ್ಚು, ಕೊಬ್ಬು ಮಾತ್ರ ಹೆಚ್ಚುಕಡಿಮೆ ಎರಡು ಪಟ್ಟು. ತೂಕ ಇಳಿದವರಿಗೆ ಎಮ್ಮೆಯ ಹಾಲಿನ ಈ ಕೊಬ್ಬು ವರವೇ ಆಗುತ್ತದೆ, ಹೊಟ್ಟೆ ಬಂದವರಿಗೆ ಹಸುವಿನ ಹಾಲು ವಾಸಿ. ಲೀಟರಿಗೆ 50 ರೂಪಾಯಿ ಎಂದು ಹಿಡಿದರೆ 10 ಗ್ರಾಂ ಪ್ರೋಟೀನಿಗೆ 16 ರೂಪಾಯಿ ಆಗುತ್ತದೆ. ಮನೆಯಲ್ಲೇ ಎಮ್ಮೆ ಇದ್ದರೆ ಲೆಕ್ಕವೇ ಬೇರೆ. ಅಗಿಯುವ ಶ್ರಮವಿಲ್ಲ ಎಂಬುದು ಹಾಲಿನ ದೊಡ್ಡ ಗುಣ, ಗಾತ್ರ ಹೆಚ್ಚು ಎಂಬುದು ದೋಷ: 25 ಗ್ರಾಂ ತುಂಬಬೇಕಾದರೆ ಮುಕ್ಕಾಲು ಲೀಟರ್ ಕುಡಿಯಬೇಕು, ದಮ್ಮಿನವರ ಹೊಟ್ಟೆಗೆ ಅದು ಭಾರ. ಆದ್ದರಿಂದ ಹಾಲನ್ನು ಒಂಟಿಯಾಗಿ ನಂಬದೆ ಬೇರೆಯದರ ಜೊತೆಗೆ ಸೇರಿಸಬೇಕು. ಕೆನೆ ತೆಗೆದ ಹಾಲಿನ ಪುಡಿಯ ಒಂದು ದೊಡ್ಡ ಚಮಚವನ್ನು ಅದೇ ಲೋಟಕ್ಕೆ ಕದಡಿದರೆ ಗಾತ್ರ ಹೆಚ್ಚದೆ ಮೂರು ಗ್ರಾಂನಷ್ಟು ಪ್ರೋಟೀನ್ ಸೇರುತ್ತದೆ. ಪನೀರಿನಲ್ಲಿ 100 ಗ್ರಾಂಗೆ ಸುಮಾರು 18 ಗ್ರಾಂ ಪ್ರೋಟೀನ್ ಇದೆ. ದುಬಾರಿ, ಆದರೆ ಮೆತ್ತಗೆ.

ಹಾಲು ಕಫ ಮಾಡುತ್ತದೆಯೇ? ಹಾಲು ಕುಡಿದವರ ಶ್ವಾಸನಾಳದಲ್ಲಿ ಕಫದ ಉತ್ಪತ್ತಿ ಹೆಚ್ಚುತ್ತದೆ ಎಂಬುದನ್ನು ಈವರೆಗಿನ ಅಧ್ಯಯನಗಳು ತೋರಿಸಿಲ್ಲ. ಹಾಲು ಎಂಜಲಿನೊಂದಿಗೆ ಸೇರಿದಾಗ ಬಾಯಿ ಗಂಟಲುಗಳಲ್ಲಿ ಒಂದು ದಪ್ಪ ಲೇಪದ ಅನುಭವ ಆಗುವುದು ನಿಜ, ಅದನ್ನೇ ಕಫವೆಂದು ತಿಳಿಯುವುದು ಸಹಜ. ಕುಡಿದ ಮೇಲೆ ಎರಡು ಗುಟುಕು ಬಿಸಿನೀರು ಕುಡಿದರೆ ಆ ಲೇಪ ಹೋಗುತ್ತದೆ. ಇಷ್ಟಾಗಿಯೂ ಹಿರಿಯರ ಮನಸ್ಸು ಒಪ್ಪದಿದ್ದರೆ ಒತ್ತಾಯ ಮಾಡದೆ ಬೇರೆ ಆಯ್ಕೆಗೆ ಹೋಗುವುದು ಒಳ್ಳೆಯದು. ಜಗಳವಾಡುತ್ತ ಉಂಡ ಅನ್ನ ದಮ್ಮಿನವರಿಗೆ ಒಗ್ಗುವುದಿಲ್ಲ.

ಕಾಳು, ಶೇಂಗಾ, ಸೋಯಾ

ಬೆಳಗಾವಿ, ಬಾಗಲಕೋಟೆ, ವಿಜಯಪುರಗಳ ಎಷ್ಟೋ ಲಿಂಗಾಯತ, ಜೈನ, ಬ್ರಾಹ್ಮಣ ಮನೆಗಳಿಗೆ ಮೊಟ್ಟೆ ಆಯ್ಕೆಯೇ ಅಲ್ಲ. ಅವರ ಮುಂದಿರುವ ಆಹಾರಗಳು ಅಗ್ಗವೂ ಹೌದು, ಸಮೃದ್ಧವೂ ಹೌದು. ಶೇಂಗಾದಲ್ಲಿ 100 ಗ್ರಾಂಗೆ ಸುಮಾರು 25 ಗ್ರಾಂ ಪ್ರೋಟೀನ್, 560ಕ್ಕೂ ಹೆಚ್ಚು ಕ್ಯಾಲೊರಿ. ಒಂದು ಹಿಡಿ, ಅಂದರೆ 30 ಗ್ರಾಂ, ತಿಂದರೆ 7 ಗ್ರಾಂ ಪ್ರೋಟೀನಿನ ಜೊತೆ 170 ಕ್ಯಾಲೊರಿ. ಕಿಲೋಗೆ 140 ರೂಪಾಯಿ ಎಂದು ಹಿಡಿದರೆ 10 ಗ್ರಾಂ ಪ್ರೋಟೀನಿಗೆ ಆರು ರೂಪಾಯಿಗಿಂತ ಕಡಿಮೆ. ಇಡೀ ಶೇಂಗಾ ಅಗಿಯುವುದು ಕಷ್ಟ, ತುಣುಕು ಗಂಟಲಿಗೆ ಹೋದರೆ ಅಪಾಯ. ಅದಕ್ಕೆ ಪರಿಹಾರ ನಮ್ಮ ಅಡುಗೆಮನೆಯಲ್ಲೇ ಇದೆ: ಶೇಂಗಾ ಚಟ್ನಿಯನ್ನು ಮೊಸರಿನಲ್ಲಿ ಕಲಸಿ, ನುಚ್ಚಿನ ಮೇಲೆ ಹಾಕಿ ಕೊಡಬಹುದು. ಗುರೆಳ್ಳು, ಅಗಸಿ ಚಟ್ನಿಗಳೂ ಇದೇ ದಾರಿಯವು, ಆದರೆ ತಿನ್ನುವ ಪ್ರಮಾಣ ಒಂದೆರಡು ಚಮಚವಾದ್ದರಿಂದ ಅವುಗಳನ್ನೇ ನೆಚ್ಚಿಕೊಳ್ಳಲಾಗದು. ಸುರುಟಿದ, ಕಪ್ಪಿಟ್ಟ, ಕಹಿಯಾದ ಶೇಂಗಾವನ್ನು ಆರಿಸಿ ಎಸೆಯಬೇಕು, ಅದರಲ್ಲಿ ಬೂಷ್ಟಿನ ವಿಷ ಇರಬಹುದು.

ಬೇಳೆಕಾಳುಗಳ ತೊಂದರೆ ಉಬ್ಬರ. ಮಡಿಕೆ ಕಾಳು, ಹೆಸರು, ಅಲಸಂದಿಗಳನ್ನು ನೆನೆಸಿ ಮೊಳಕೆ ಬರಿಸಿ, ಕುಕ್ಕರಿನಲ್ಲಿ ಚೆನ್ನಾಗಿ ಬೇಯಿಸಿ, ಇಂಗು ಶುಂಠಿ ಹಾಕಿ, ಮೊದಲ ವಾರ ಅರ್ಧ ಬಟ್ಟಲಿನಿಂದ ಆರಂಭಿಸಿದರೆ ಬಹಳ ಮಂದಿಗೆ ಒಗ್ಗುತ್ತದೆ. ಹೆಸರು ಎಲ್ಲಕ್ಕಿಂತ ಸುಲಭ. ನಾನು ತುಂಬ ನೆಚ್ಚುವುದು ಝುಣಕವನ್ನು. 40 ಗ್ರಾಂ ಕಡಲೆಹಿಟ್ಟಿನ ತೆಳ್ಳನೆಯ ಝುಣಕದಲ್ಲಿ 8ರಿಂದ 9 ಗ್ರಾಂ ಪ್ರೋಟೀನ್, ಒಗ್ಗರಣೆಯ ಎಣ್ಣೆಯಿಂದ ಕ್ಯಾಲೊರಿ, ಅಗಿಯುವ ಶ್ರಮ ಬಹುತೇಕ ಇಲ್ಲ. ಬಿಸಿ ರೊಟ್ಟಿಯನ್ನು ಮುರಿದು ಅದರಲ್ಲಿ ನೆನೆಯಲು ಬಿಟ್ಟರೆ ಹಲ್ಲಿಲ್ಲದವರೂ ಪೂರ್ತಿ ಉಣ್ಣುತ್ತಾರೆ.

ಬೆಲೆಯ ದೃಷ್ಟಿಯಿಂದ ಎಲ್ಲರನ್ನೂ ಹಿಂದಿಕ್ಕುವುದು ಸೋಯಾ ವಡಿ. 100 ಗ್ರಾಂನಲ್ಲಿ 52 ಗ್ರಾಂ ಪ್ರೋಟೀನ್, ಗುಣಮಟ್ಟ ಹಾಲು ಮೊಟ್ಟೆಗಳಿಗೆ ಹತ್ತಿರ. ಕಿಲೋಗೆ 150 ರೂಪಾಯಿ ಎಂದರೂ 10 ಗ್ರಾಂ ಪ್ರೋಟೀನಿಗೆ ಮೂರು ರೂಪಾಯಿ. ವಡಿಯ ಪಲ್ಯ ರಬ್ಬರಿನಂತೆ ಎಂದು ಹಿರಿಯರು ದೂರ ಸರಿಸುತ್ತಾರೆ. ಒಣ ವಡಿಯನ್ನು ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ, ಒಂದು ಕಿಲೋ ಜೋಳದ ಹಿಟ್ಟಿಗೆ 100 ಗ್ರಾಂ ಬೆರೆಸಿದರೆ ರೊಟ್ಟಿಯ ರುಚಿ ಹೆಚ್ಚು ಬದಲಾಗುವುದಿಲ್ಲ, ಎರಡು ರೊಟ್ಟಿಗೆ 5 ಗ್ರಾಂ ಪ್ರೋಟೀನ್ ಹೆಚ್ಚುತ್ತದೆ. ಅದಕ್ಕಿಂತ ಹೆಚ್ಚು ಬೆರೆಸಿದರೆ ರೊಟ್ಟಿ ಬಡಿಯುವಾಗ ಒಡೆಯುತ್ತದೆ.

ಮನೆಯ ಪುಡಿ

ಡಬ್ಬಿಗೆ ಬದಲಾಗಿ ನಾನು ಹೆಚ್ಚಿನವರಿಗೆ ಹೇಳುವುದು ಈ ಪುಡಿಯನ್ನು. ಪುಠಾಣಿ (ಹುರಿಗಡಲೆ) 200 ಗ್ರಾಂ, ಹುರಿದು ಸಿಪ್ಪೆ ತೆಗೆದ ಶೇಂಗಾ 100 ಗ್ರಾಂ, ಕೆನೆ ತೆಗೆದ ಹಾಲಿನ ಪುಡಿ 100 ಗ್ರಾಂ, ಬೆಲ್ಲದ ಪುಡಿ 100 ಗ್ರಾಂ. ಈ ಅರ್ಧ ಕಿಲೋದಲ್ಲಿ ಸುಮಾರು 105 ಗ್ರಾಂ ಪ್ರೋಟೀನ್, 2000 ಕ್ಯಾಲೊರಿ. 40 ಗ್ರಾಂ ಪುಡಿಯನ್ನು ಒಂದು ಲೋಟ ಬೆಚ್ಚನೆಯ ಹಾಲಿಗೆ ಕದಡಿದರೆ 15 ಗ್ರಾಂ ಪ್ರೋಟೀನ್, 300ರ ಆಸುಪಾಸು ಕ್ಯಾಲೊರಿ ಸಿಗುತ್ತದೆ. ನಮ್ಮ ಪೇಟೆಯ ದರಗಳನ್ನು ಅಂದಾಜು ಹಿಡಿದರೆ 10 ಗ್ರಾಂ ಪ್ರೋಟೀನಿಗೆ ಪುಡಿಯಿಂದ ತಗಲುವ ಖರ್ಚು 8ರಿಂದ 9 ರೂಪಾಯಿ. ಸಕ್ಕರೆ ಕಾಯಿಲೆಯವರಿಗೆ ಬೆಲ್ಲ ಬಿಡಬೇಕು. ಶೇಂಗಾದ ಎಣ್ಣೆ ಕಮಟು ಹಿಡಿಯುವುದರಿಂದ ಹತ್ತು ಹದಿನೈದು ದಿನಕ್ಕಾಗುವಷ್ಟನ್ನೇ ಮಾಡಿಕೊಳ್ಳಬೇಕು. ಇದನ್ನು ಪುಡಿಯಾಗಿಯೇ ಬಾಯಿಗೆ ಹಾಕಿಕೊಳ್ಳುವುದು ಬೇಡ, ಒಣಪುಡಿ ಉಸಿರಿನ ದಾರಿಗೆ ಹೋದರೆ ಕೆಮ್ಮು ನಿಲ್ಲದು.

ಅಮೀನಗಡ, ಗೋಕಾಕದ ಕರದಂಟನ್ನು ಬಾಣಂತಿಗೆ ಕೊಡುವಂತೆ ಇವರಿಗೂ ಕೊಡಬಹುದೇ ಎಂದು ಕೇಳುತ್ತಾರೆ. ಅಂಟು, ಒಣಕೊಬ್ಬರಿ, ಒಣಹಣ್ಣು, ಬೆಲ್ಲಗಳ ಅದು ಕ್ಯಾಲೊರಿಯ ಗಟ್ಟಿ ಮೂಲ, ತೂಕ ಇಳಿದವರಿಗೆ ಒಂದು ಚಿಕ್ಕ ತುಂಡು ಒಳ್ಳೆಯದೇ. ಅಗಿಯಲು ಕಷ್ಟ, ಪ್ರೋಟೀನಿನ ಲೆಕ್ಕಕ್ಕೆ ಅದನ್ನು ಹಿಡಿಯಬಾರದು.

ಡಬ್ಬಿಯ ಪುಡಿಗಳು: ವೇ ಮತ್ತು ಸಿದ್ಧ ಪೋಷಕ ಪುಡಿ

ಇವೆರಡನ್ನೂ ಒಂದೇ ಎಂದು ತಿಳಿಯುವುದರಿಂದಲೇ ಹೆಚ್ಚು ಹಣ ಪೋಲಾಗುತ್ತದೆ. ವೇ ಎಂದರೆ ಹಾಲಿನಿಂದ ಬೇರ್ಪಡಿಸಿದ ಪ್ರೋಟೀನ್. 30 ಗ್ರಾಂನ ಒಂದು ಅಳತೆಯಲ್ಲಿ 20ರಿಂದ 25 ಗ್ರಾಂ ಪ್ರೋಟೀನ್, ಸುಮಾರು 120 ಕ್ಯಾಲೊರಿ, ಲ್ಯೂಸಿನ್ ಸಮೃದ್ಧ. ಅರ್ಧ ಲೋಟ ನೀರಿನಲ್ಲಿ ಇಷ್ಟು ಪ್ರೋಟೀನ್ ಬೇರೆ ಯಾವುದರಿಂದಲೂ ಸಿಗುವುದಿಲ್ಲ, ಆದ್ದರಿಂದ ಉಸಿರಿನ ಬೆಲೆಯ ಅಳತೆಯಲ್ಲಿ ಇದಕ್ಕೆ ಸಾಟಿಯಿಲ್ಲ. ಕಿಲೋಗೆ 2500 ರೂಪಾಯಿ ಎಂದು ಹಿಡಿದರೆ 10 ಗ್ರಾಂ ಪ್ರೋಟೀನಿಗೆ 33 ರೂಪಾಯಿ ಆಗುತ್ತದೆ. ಹೀಗಾಗಿ ಜಿಮ್ಮಿನ ಮೊಮ್ಮಗನ ಸಲಹೆ ಪೂರ್ತಿ ತಪ್ಪಲ್ಲ, ಎರಡು ಎಚ್ಚರಿಕೆಗಳು ಮಾತ್ರ ಬೇಕು. ತೂಕ ಹೆಚ್ಚಿಸುವ ಪುಡಿ ಎಂದು ಮಾರುವ ಗೇನರ್‌ಗಳಲ್ಲಿ ಬಹುಪಾಲು ಸಕ್ಕರೆ ಮತ್ತು ಪಿಷ್ಟ ಇರುತ್ತದೆ, ಅವು ಬೇಡ. ಜಿಮ್ಮಿನವರು ಸ್ನಾಯುಬಲಕ್ಕೆಂದು ಬಳಸುವ ಕ್ರಿಯಾಟಿನ್ ಬೆರೆಸಿದವೂ ಬೇಡ, ಸಿಒಪಿಡಿಯವರ ವ್ಯಾಯಾಮಕ್ಕೆ ಅದು ಹೆಚ್ಚಿನ ಲಾಭ ತಂದದ್ದು ಕಂಡುಬಂದಿಲ್ಲ. ಹಾಲು ಒಗ್ಗದವರು ಲ್ಯಾಕ್ಟೋಸ್ (ಹಾಲಿನ ಸಕ್ಕರೆ) ಕಡಿಮೆಯಿರುವ ಐಸೊಲೇಟ್ ಬಗೆಯನ್ನು ನೋಡಬೇಕು. ವೇಯಲ್ಲಿ ಕ್ಯಾಲೊರಿ ಕಡಿಮೆ, ಆದ್ದರಿಂದ ತೀರ ತೆಳ್ಳಗಾದವರಿಗೆ ಅದೊಂದೇ ಸಾಲದು. ನುಚ್ಚಿಗೆ ತುಪ್ಪ, ಪಲ್ಯಕ್ಕೆ ಶೇಂಗಾ ಎಣ್ಣೆ ಹೆಚ್ಚಿಸಿ ದಿನಕ್ಕೆ 300ರಿಂದ 500 ಕ್ಯಾಲೊರಿ ಸೇರಿಸಬೇಕು.

ಸಿದ್ಧ ಪೋಷಕ ಪುಡಿ ಪ್ರೋಟೀನ್, ಕೊಬ್ಬು, ಪಿಷ್ಟ, ಜೀವಸತ್ವಗಳನ್ನು ಸೇರಿಸಿ ಮಾಡಿದ ಒಂದು ಊಟವಿದ್ದಂತೆ. 400 ಗ್ರಾಂ ಡಬ್ಬಿಗೆ 650 ರೂಪಾಯಿ, 100 ಗ್ರಾಂನಲ್ಲಿ 18 ಗ್ರಾಂ ಪ್ರೋಟೀನ್ ಎಂದು ಹಿಡಿದರೆ 10 ಗ್ರಾಂಗೆ 90 ರೂಪಾಯಿ ಬೀಳುತ್ತದೆ. ಆಸ್ಪತ್ರೆಯಿಂದ ಈಗಷ್ಟೇ ಬಂದವರು, ದಿನಕ್ಕೆ ಒಂದು ರೊಟ್ಟಿಯೂ ಇಳಿಯದವರು, ಅಡುಗೆ ಮಾಡಿಕೊಡಲು ಯಾರೂ ಇಲ್ಲದ ಒಂಟಿ ಹಿರಿಯರು, ಇಂಥವರಿಗೆ ನಾಲ್ಕರಿಂದ ಎಂಟು ವಾರ ಇದಕ್ಕೆ ಹಣ ಹಾಕುವುದು ಸರಿ. ಪೋಷಕ ಪೂರಕಗಳು ಸಿಒಪಿಡಿ ರೋಗಿಗಳಲ್ಲಿ, ಅದರಲ್ಲೂ ಅಪೌಷ್ಟಿಕತೆ ಇರುವವರಲ್ಲಿ, ತೂಕ ಹೆಚ್ಚಿಸುತ್ತವೆ ಎಂದು ವೈದ್ಯಕೀಯ ಅಧ್ಯಯನಗಳನ್ನು ತೂಗಿ ನೋಡುವ ಕೊಕ್ರೇನ್ ಸಂಸ್ಥೆಯ 2012ರ ವಿಮರ್ಶೆ ಹಲವು ಅಧ್ಯಯನಗಳನ್ನು ಒಟ್ಟು ಮಾಡಿ ಹೇಳಿದೆ. ಆ ಲಾಭ ಪೂರಕ ಆಹಾರದ್ದು. ಯಾವುದೇ ಒಂದು ಡಬ್ಬಿಯ ಹೆಸರಿಗೆ ಅದು ಸೇರಿದ್ದಲ್ಲ.

ಶ್ವಾಸಕೋಶದವರಿಗೇ ವಿಶೇಷವೆಂದು ಮಾರುವ, ಕೊಬ್ಬು ಹೆಚ್ಚು ಪಿಷ್ಟ ಕಡಿಮೆ ಇರುವ ಪುಡಿಗಳೂ ಇವೆ. ಅವುಗಳ ಹಿಂದಿನ ತರ್ಕ ಹೀಗಿದೆ: ದೇಹ ಪಿಷ್ಟವನ್ನು ಉರಿಸಿದಾಗ ಬಳಸಿದಷ್ಟೇ ಆಮ್ಲಜನಕಕ್ಕೆ ಅಷ್ಟೇ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ, ಅನುಪಾತ 1, ಕೊಬ್ಬಿನಲ್ಲಿ ಅದು 0.7, ಆದ್ದರಿಂದ ಹೊರಹಾಕಬೇಕಾದ ಅನಿಲ ಕಡಿಮೆ. ತರ್ಕ ಸರಿಯಿದೆ, ಆದರೆ ಕಾಯಿಲೆ ಸ್ಥಿರವಾಗಿರುವವರಲ್ಲಿ ಇಂಥ ಪುಡಿ ಸಾಮಾನ್ಯ ಪುಡಿಗಿಂತ ಹೆಚ್ಚಿನ ಲಾಭ ಕೊಟ್ಟದ್ದು ಸಾಬೀತಾಗಿಲ್ಲ. ಹೆಚ್ಚು ಕೊಬ್ಬು ಹೊಟ್ಟೆಯಲ್ಲಿ ತಡವಾಗಿ ಕರಗುವುದರಿಂದ ಕೆಲವರಿಗೆ ಊಟದ ನಂತರದ ದಮ್ಮು ಹೆಚ್ಚುವುದೂ ಉಂಟು. ಸಣ್ಣ ಪ್ರಮಾಣದಲ್ಲಿ ಪದೇ ಪದೇ ಕೊಡುವುದರಿಂದ ಸಿಗುವ ಅನುಕೂಲ ಈ ವಿಶೇಷ ಡಬ್ಬಿಯಿಂದ ಸಿಗುವುದಕ್ಕಿಂತ ದೊಡ್ಡದು, ಅದಕ್ಕೆ ಖರ್ಚೂ ಇಲ್ಲ.

ಯಾವುದನ್ನೇ ಆರಿಸಿದರೂ ಬೇಕಾದ ಎರಡು ಕೆಲಸ

ಮೊದಲನೆಯದು ಉಣ್ಣುವ ಕ್ರಮ. ಊಟಕ್ಕೆ ಮುಂಚೆ ಅರ್ಧ ತಾಸು ವಿಶ್ರಾಂತಿ, ವೈದ್ಯರು ಹೇಳಿದ ಪಂಪನ್ನು ಊಟಕ್ಕೆ ಮೊದಲು ತೆಗೆದುಕೊಳ್ಳುವುದು, ಬೆನ್ನು ನೇರವಾಗಿಟ್ಟು ಕುಳಿತುಕೊಳ್ಳುವುದು, ಮೂರರ ಬದಲು ಐದಾರು ಸಣ್ಣ ಊಟ, ನೀರನ್ನು ಊಟದ ನಡುವೆ ಕುಡಿಯದೆ ಊಟಗಳ ನಡುವಿನ ಬಿಡುವಿನಲ್ಲಿ ಕುಡಿಯುವುದು. ಆಮ್ಲಜನಕ ಬಳಸುವವರು ಉಣ್ಣುವಾಗಲೂ ಮೂಗಿನ ಕೊಳವೆ ತೆಗೆಯಬಾರದು. ಸ್ಟಿರಾಯ್ಡ್ ಪಂಪು ಎಳೆದ ಮೇಲೆ ಬಾಯಿ ಮುಕ್ಕಳಿಸದಿದ್ದರೆ ಬಾಯಲ್ಲಿ ಬಿಳಿ ಬೂಷ್ಟು ಬಂದು ಖಾರವೂ ಬಿಸಿಯೂ ಉರಿಯುತ್ತವೆ. ಊಟ ಬೇಡವೆನ್ನುವ ಎಷ್ಟೋ ಮಂದಿಯ ಬಾಯಿ ತೆರೆಸಿ ನೋಡಿದಾಗ ನನಗೆ ಕಂಡದ್ದು ಇದೇ.

ಎರಡನೆಯದು ಕಾಲಿನ ಕೆಲಸ. ತೊಡೆಗೆ ಕೆಲಸ ಕೊಡದೆ ತಿಂದ ಪ್ರೋಟೀನು ಸ್ನಾಯುವಾಗಿ ನಿಲ್ಲುವುದು ತೀರ ಕಡಿಮೆ. ಗೋಡೆಗೆ ಒತ್ತಿದ ಕುರ್ಚಿಯಿಂದ ಎದ್ದು ಕೂರುವುದು, ತುಟಿ ಸೀಟಿ ಊದುವಂತೆ ಮಾಡಿ ಏಳುವಾಗ ಉಸಿರು ಬಿಡುವುದು, ಮೊದಲು ಐದು ಸಲ, ವಾರ ಕಳೆದಂತೆ ಹತ್ತು ಸಲ, ಮನೆಯೊಳಗೆ ನಡಿಗೆ. ಕ್ರಮಬದ್ಧ ಶ್ವಾಸಕೋಶ ಪುನಶ್ಚೇತನ, ಅಂದರೆ ತಜ್ಞರ ಉಸ್ತುವಾರಿಯ ವ್ಯಾಯಾಮ ಮತ್ತು ಉಸಿರಾಟದ ತರಬೇತಿ, ಆರರಿಂದ ಎಂಟು ವಾರದ್ದು. ಬೆಳಗಾವಿಯ ಬಿಮ್ಸ್, ವಿಜಯಪುರದ ಬಿಎಲ್‌ಡಿಇಯ ಬಿ. ಎಂ. ಪಾಟೀಲ, ಬಾಗಲಕೋಟೆಯ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿಗೆ ಹೋಗುವವರು ಎದೆರೋಗ ವಿಭಾಗದಲ್ಲಿ ಫಿಜಿಯೋಥೆರಪಿಯ ಬಗ್ಗೆ ತಾವಾಗಿಯೇ ಕೇಳಬೇಕು.

ಆಯ್ಕೆಯನ್ನು ಮುಗಿಸುವುದು ಹೇಗೆ

ನಿಪ್ಪಾಣಿಯಲ್ಲಿ ಬೀಡಿ ಸುತ್ತಿದ, ಇಳಕಲ್ಲಿನ ಕಲ್ಲು ಗಣಿಯಲ್ಲಿ ದುಡಿದ ಕುಟುಂಬಗಳಿಗೆ ತಿಂಗಳ ಖರ್ಚೇ ಮೊದಲ ಪ್ರಶ್ನೆ. ಅವರಿಗೆ ಸೋಯಾ ಬೆರೆಸಿದ ರೊಟ್ಟಿ, ಝುಣಕ, ಒಂದು ಹಿಡಿ ಶೇಂಗಾದ ಚಟ್ನಿ, ತಿನ್ನುವವರಾದರೆ ಒಂದು ಮೊಟ್ಟೆ ಸಾಕು. ಮೊಟ್ಟೆಯೂ ಸೇರಿದರೆ ದಿನಕ್ಕೆ ಇಪ್ಪತ್ತು ರೂಪಾಯಿಯ ಒಳಗೆ 25 ಗ್ರಾಂ ತುಂಬುತ್ತದೆ. ಅದೇ ಮನೆಯಲ್ಲಿ ಕ್ಷಯದ ಚಿಕಿತ್ಸೆ ನಡೆದಿದ್ದರೆ ಕ್ಷಯ ರೋಗಿಗಳ ಆಹಾರಕ್ಕೆಂದು ಸರ್ಕಾರ ನಡೆಸುವ ನಿಕ್ಷಯ ಪೋಷಣ ಯೋಜನೆಯ ತಿಂಗಳಿಗೆ 1000 ರೂಪಾಯಿ ಬ್ಯಾಂಕ್ ಖಾತೆಗೆ ಬರುತ್ತದೆ, ಅದನ್ನು ಡಬ್ಬಿಗೆ ಸುರಿಯದೆ ಮೊಟ್ಟೆ, ಶೇಂಗಾ, ಹಾಲಿಗೆ ಬಳಸಬೇಕು.

ಹೊಟ್ಟೆ ದೊಡ್ಡದಿದ್ದು ಕಾಲು ಸಣ್ಣಗಾದವರ ವಿಷಯ ಬೇರೆ. ಇಂಥವರನ್ನು ತೂಕದ ತಕ್ಕಡಿ ಮೋಸ ಮಾಡುತ್ತದೆ, ಏಕೆಂದರೆ ಕೊಬ್ಬಿನ ಮರೆಯಲ್ಲಿ ಸ್ನಾಯು ಹೋಗಿರುತ್ತದೆ. ಮೀನಖಂಡದ ಸುತ್ತಳತೆ ಗಂಡಸರಲ್ಲಿ 34, ಹೆಂಗಸರಲ್ಲಿ 33 ಸೆಂ.ಮೀ.ಗಿಂತ ಕಡಿಮೆಯಿದ್ದರೆ, ಕುರ್ಚಿಯಿಂದ ಕೈ ಊರದೆ ಐದು ಸಲ ಎದ್ದು ಕೂರಲು 12 ಸೆಕೆಂಡ್ ಅಥವಾ ಹೆಚ್ಚು ಬೇಕಾದರೆ ಸ್ನಾಯು ಸೊರಗಿದೆ ಎಂದು ಅನುಮಾನಿಸಬೇಕು; ಏಷ್ಯಾದ ಜನರಿಗೆಂದು 2019ರಲ್ಲಿ ಒಪ್ಪಿಕೊಂಡ ಗಡಿಗಳು ಇವು. ಅವರಿಗೆ ಉಪವಾಸ ಮದ್ದಲ್ಲ. ಎಣ್ಣೆ ಬೆಲ್ಲ ಕಡಿಮೆ ಮಾಡಿ, ಮೊಟ್ಟೆ, ಮೊಳಕೆ ಕಾಳು, ಕೆನೆ ತೆಗೆದ ಹಾಲಿನ ಮೊಸರು, ಬೇಕಿದ್ದರೆ ವೇ ಕೊಡಬೇಕು.

ಆರು ತಿಂಗಳಲ್ಲಿ ತೂಕದ ನೂರಕ್ಕೆ ಐದು ಭಾಗ, ಅಂದರೆ 50 ಕಿಲೋದವರಲ್ಲಿ ಎರಡೂವರೆ ಕಿಲೋ, ತಾನಾಗಿ ಇಳಿದಿದ್ದರೆ ಪುಡಿಯ ಆಯ್ಕೆಗೂ ಮುಂಚೆ ವೈದ್ಯರ ಬಳಿಗೆ ಹೋಗಬೇಕು. ಸಂಜೆಯ ಜ್ವರ, ಕಫದಲ್ಲಿ ರಕ್ತ ಇದ್ದರೆ ಕ್ಷಯ ಮತ್ತು ಶ್ವಾಸಕೋಶದ ಕ್ಯಾನ್ಸರಿನ ಪರೀಕ್ಷೆ ತಡ ಮಾಡುವಂಥದ್ದಲ್ಲ.

ಆರಿಸಿದ ಆಹಾರಕ್ಕೆ ಎಂಟು ವಾರದ ಗಡುವು ಕೊಡಿ. ವಾರಕ್ಕೊಮ್ಮೆ ಅದೇ ತಕ್ಕಡಿಯಲ್ಲಿ, ಬೆಳಿಗ್ಗೆ ಉಣ್ಣುವ ಮೊದಲು ತೂಕ ಬರೆಯಿರಿ, ಕುರ್ಚಿಯಿಂದ ಐದು ಸಲ ಏಳುವ ಸೆಕೆಂಡುಗಳನ್ನು ಅದರ ಪಕ್ಕದಲ್ಲಿ ಬರೆಯಿರಿ. ಪಾದದಲ್ಲಿ ಬಾವು ಇದ್ದರೆ ಹೆಚ್ಚಿದ ತೂಕ ನೀರಿನದ್ದಾಗಿರಬಹುದು, ಅದನ್ನು ವೈದ್ಯರಿಗೆ ತೋರಿಸಿ. ನನ್ನ ಅವ್ವನಿಗೆ ಹೊಂದಿದ್ದು ಬೆಳಿಗ್ಗೆ ಮನೆಯ ಪುಡಿ, ಮಧ್ಯಾಹ್ನ ಝುಣಕದಲ್ಲಿ ನೆನೆಸಿದ ಒಂದು ರೊಟ್ಟಿ, ಸಂಜೆ ಮೊಸರಿನಲ್ಲಿ ಕಲಸಿದ ಶೇಂಗಾ ಚಟ್ನಿ ಹಾಕಿದ ನುಚ್ಚು, ಮೊದಲ ಆರು ವಾರ ಮಾತ್ರ ದಿನಕ್ಕೆ ಒಂದು ಅಳತೆ ವೇ. ಎಂಟು ವಾರಕ್ಕೆ ತೂಕ ಒಂದು ಕಿಲೋ ಎಂಟುನೂರು ಗ್ರಾಂ ಏರಿತ್ತು, ಕುರ್ಚಿಯ ಲೆಕ್ಕ 21 ಸೆಕೆಂಡಿನಿಂದ 16ಕ್ಕೆ ಇಳಿದಿತ್ತು, ಪಡಸಾಲೆಯಿಂದ ತುಳಸಿಕಟ್ಟೆಯವರೆಗೆ ಗೋಡೆ ಹಿಡಿಯದೆ ಹೋಗಿ ಬರುತ್ತಿದ್ದಳು.